ಮುದ್ರೆ, ಕೊಡೆ, ಕಮಲ: ಅರಸರ ಚಿತ್ರಗಳು ಕೇಳುವುದೇನು?

(ಕೆರೆಬಿಳಚಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)

 

ಅರಸರ ಚಿತ್ರಗಳ ಮಾತನ್ನು ನಾನು ಮೈಸೂರಿನ ಅರಮನೆಯಿಂದ ಶುರುಮಾಡುವುದಿಲ್ಲ, ಹೊನ್ನಾಳಿ ಸೀಮೆಯ ಚಿನ್ನಿಕಟ್ಟೆಯಿಂದ ಶುರುಮಾಡುತ್ತೇನೆ. ಆ ಊರಿನ ರೈತಾಪಿ ಮನೆಯೊಂದರಲ್ಲಿ ಸಾದರ ಮಲ್ಲ ಎಂಬ ಹುಡುಗ ಹುಟ್ಟಿದ. ಅವನು ಜಂಗಮರೊಬ್ಬರ ಶಿಷ್ಯನಾದ. ಆ ಜಂಗಮರು ಹಿಂದೆ ಬಿದನೂರಿನ ಅರಸುಮನೆತನದ ಸೇವೆಯಲ್ಲಿದ್ದವರು. ಅರಮನೆ ಹಾಳಾದ ಮೇಲೆ ಅರಸರ ಮುದ್ರೆಗಳು ಅವರ ಬಳಿ ಉಳಿದಿದ್ದವು. ಜಂಗಮರು ತೀರಿಕೊಂಡಾಗ ಅವು ಶಿಷ್ಯನ ಕೈಗೆ ಬಂದವು. ಮುಂದೆ 1830ರಲ್ಲಿ ಅವನು ಬೂದಿ ಬಸಪ್ಪನೆಂಬ ಹೆಸರಿನಲ್ಲಿ ಬಿದನೂರಿನ ಗಾದಿಗೆ ತಾನೇ ಹಕ್ಕುದಾರನೆಂದು ನಿಂತ. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಈ ಕಥೆ ಇದೆ.

ಅವನ ಹಿಂದೆ ಜನ ಬಂದದ್ದೇಕೆ? ಹೊಟ್ಟೆಯ ಸಂಕಟ ಮೊದಲ ಕಾರಣ. ಇಷ್ಟು ಹಣ ಎತ್ತಿಕೊಡುತ್ತೇನೆಂದು ಅಮಲ್ದಾರ ಸರ್ಕಾರಕ್ಕೆ ಬರೆದುಕೊಟ್ಟು, ರೈತರಿಂದ ಅದಕ್ಕೂ ಹೆಚ್ಚು ಹಿಂಡುತ್ತಿದ್ದ ಕಾಲ ಅದು. ಹೊನ್ನಾಳಿ, ಬಸವಾಪಟ್ಟಣದ ಕಡೆಯ ರೈತರು ಕೂಟ ಸೇರಿ ಕಂದಾಯ ಕಟ್ಟುವುದಿಲ್ಲವೆಂದರು. ಆದರೆ ಸಿಟ್ಟಿಗೆದ್ದವರ ಗುಂಪು ತಾನಾಗಿಯೇ ರಾಜ್ಯವಾಗುವುದಿಲ್ಲ, ಅದಕ್ಕೊಂದು ಗುರುತು ಬೇಕು. ಬಿದನೂರಿನ ಗಾದಿ 1763ರಲ್ಲೇ ಬಿದ್ದಿತ್ತು. ಅದಾಗಿ ಅರುವತ್ತೇಳು ವರ್ಷ ಕಳೆದ ಮೇಲೆ, ಅರಮನೆಯ ಕಂಬವೂ ನೆಟ್ಟಗೆ ಉಳಿಯದ ಹೊತ್ತಿನಲ್ಲಿ, ಒಂದು ಹಳೆಯ ಮುದ್ರೆ ಒತ್ತಿದ ಕಾಗದ ಊರೂರಿಗೆ ಹೋದರೆ ಜನ ಅದನ್ನು ಅರಸನ ಮಾತೆಂದು ಕೇಳಿದರು.

ಈ ಬಂಡಾಯದ ಫಲ ಬೂದಿ ಬಸಪ್ಪನಿಗೆ ಸಿಗಲಿಲ್ಲ, ರೈತರಿಗೂ ಸಿಗಲಿಲ್ಲ. ಮೈಸೂರಿನ ಅರಸನಿಗೆ ಆಳಲು ಬಾರದೆಂಬ ನೆಪ ಕಂಪನಿ ಸರ್ಕಾರಕ್ಕೆ ಸಿಕ್ಕಿತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡು ಕಮಿಷನರರ ಕೈಗೆ ಕೊಟ್ಟ. ಐದು ವರ್ಷದ ಮಗುವಾಗಿ 1799ರಲ್ಲಿ ಪಟ್ಟಕ್ಕೆ ಬಂದಿದ್ದ ಮುಮ್ಮಡಿಯವರಿಗೆ ಆಗಿನ್ನೂ ಮೂವತ್ತೇಳು. ಮುಂದೆ 1868ರಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ಸಿಂಹಾಸನವಿತ್ತು, ಕೊಡೆಯಿತ್ತು, ಆನೆಯಿತ್ತು, ದಸರೆಯಿತ್ತು. ಒಂದು ತಾಲ್ಲೂಕಿನ ಕಂದಾಯ ನಿಗದಿ ಮಾಡುವ ಅಧಿಕಾರ ಮಾತ್ರ ಇರಲಿಲ್ಲ. ಮೈಸೂರು ಅರಸರ ಪೈಕಿ ತನ್ನ ರೂಪವನ್ನು ಗೋಡೆಯ ಮೇಲೆ, ಕಲ್ಲಿನಲ್ಲಿ, ಲೋಹದಲ್ಲಿ ಇಷ್ಟೊಂದು ಆಸ್ಥೆಯಿಂದ ಮಾಡಿಸಿದ ಮೊದಲ ಅರಸರು ಅವರೇ.

ಅಧಿಕಾರ ಹೋದವರ ಬಳಿ ಇಷ್ಟು ಚಿತ್ರ ಏಕೆ? ಅರಸನ ಚಿತ್ರ ಅವನ ಬಲದ ದಾಖಲೆಯೆಂದು ನಾವು ಸಾಮಾನ್ಯವಾಗಿ ನಂಬಿಕೊಂಡಿದ್ದೇವೆ. ಕತ್ತಿ ಹಿಡಿದಿದ್ದರೆ ಶೂರ, ಕಾಲಡಿಯಲ್ಲಿ ಹುಲಿ ಇದ್ದರೆ ಬೇಟೆಗಾರ, ತಲೆಯ ಹಿಂದೆ ಪ್ರಭಾವಳಿ ಇದ್ದರೆ ದೇವರಿಗೆ ಸಮೀಪದವನು ಎಂದು ಓದಿಬಿಡುತ್ತೇವೆ. ಇಷ್ಟು ವರ್ಷ ಇವುಗಳನ್ನು ನೋಡಿದ ಮೇಲೆ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಬೇರೆ. ಅರಸನ ಚಿತ್ರ ಬಹುಮಟ್ಟಿಗೆ ಅವನ ಬೇಡಿಕೆ. ಯಾವ ಬಲ ತನ್ನದಾಗಬೇಕು, ಯಾವುದು ಕೈಜಾರುತ್ತಿದೆ, ಯಾರು ತನ್ನನ್ನು ಒಪ್ಪಬೇಕು ಎಂಬುದನ್ನು ಅವನು ಅದರಲ್ಲಿ ಬರೆಸುತ್ತಾನೆ. ಚಿಹ್ನೆಗಳು ತೀರಾ ದಟ್ಟವಾದ ಕಡೆ ನಾನು ಆ ವರ್ಷದ ಚರಿತ್ರೆಯನ್ನು ತೆರೆದು ನೋಡುತ್ತೇನೆ. ಅಲ್ಲಿ ಬಹಳ ಸಲ ಒಂದು ಸೋಲು, ಒಂದು ಆತಂಕ, ಇಲ್ಲವೇ ಉತ್ತರಾಧಿಕಾರಿಯಿಲ್ಲದ ಮನೆ ಕಾಣಿಸಿಕೊಂಡಿದೆ.

ಮೊದಲು ಚಿಹ್ನೆಗಳ ಪರಿಚಯ ಮಾಡಿಕೊಳ್ಳೋಣ. ಇವುಗಳಲ್ಲಿ ಹಳೆಯದು ಕೊಡೆ. ನಮ್ಮ ಕಡೆಯ ಊರುಗಳ ಹೊರಗೆ, ದೇವಸ್ಥಾನಗಳ ಹಿಂದೆ, ಕೆರೆ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳನ್ನು ಗಮನಿಸಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕೂತದ್ದು. ಕಾಳಗದ ಗಜಿಬಿಜಿಯಲ್ಲಿ ಯಾರ ತಲೆಯ ಮೇಲೆ ಕೊಡೆ ಇದೆಯೋ ಅವನು ಒಡೆಯ. ಮುಖ ಸವೆದುಹೋಗಿರಬಹುದು, ಶಾಸನ ಅಳಿಸಿರಬಹುದು, ಕೊಡೆಯೊಂದು ಉಳಿದಿದ್ದರೆ ಸಾಕು. ಹಳಗನ್ನಡದ ಕವಿಗಳ ಬೆಳ್ಗೊಡೆ ಇದೇ. ಬೇರೆಯವರ ತಲೆಯ ಮೇಲೆ ಅದನ್ನು ಹಿಡಿಯುವಂತಿರಲಿಲ್ಲ. ಕೊಡೆಯ ಪಕ್ಕದಲ್ಲಿ ಚಾಮರ ಬಂತು, ಸಿಂಹದ ಕಾಲಿನ ಪೀಠ ಬಂತು, ಲಾಂಛನ ಬಂತು. ಕದಂಬರಿಗೆ ಸಿಂಹ, ಬಾದಾಮಿ ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ, ಹೊಯ್ಸಳರಿಗೆ ಹುಲಿಯೊಡನೆ ಸೆಣಸುವ ಸಳ. ಅರಸರ ಮುಖ ಹೇಗಿತ್ತೆಂದು ತಿಳಿಯದೆಯೂ ಯಾರ ನೆಲದಲ್ಲಿ ನಿಂತಿದ್ದೇವೆಂದು ಅಂದಿನ ಜನ ತಿಳಿಯುತ್ತಿದ್ದರು.

ಅರಸನ ಗುರುತು ಜನರ ಕೈಗೇ ತಲುಪುತ್ತಿದ್ದದ್ದು ನಾಣ್ಯದಲ್ಲಿ. ಮುಂದೆ ಬಿದನೂರನ್ನಾಳಿದ ಕೆಳದಿ ಮನೆತನದ ಸದಾಶಿವ ನಾಯಕನ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಜೊತೆಯಾಗಿ ಕೂತ ಶಿವ ಪಾರ್ವತಿ, ಇನ್ನೊಂದು ಮುಖದಲ್ಲಿ ಶ್ರೀ ಸದಾಶಿವ ಎಂಬ ಹೆಸರು. ಅರಸನ ಮುಖವಿಲ್ಲ. ತಾನು ದೇವರ ಹೆಸರಿನ ಹಿಂದೆ ನಿಂತು ಆಳುತ್ತೇನೆಂಬ ಮಾತು ಅದು. ಹೈದರ್ ಅಲಿ 1763ರಲ್ಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರ ಎಂದು ಹೆಸರಿಟ್ಟ. ಊರಿನ ಹೆಸರು ಬದಲಾಯಿಸಿದವನು ನಾಣ್ಯದ ಮೇಲಿನ ಶಿವ ಪಾರ್ವತಿಯರನ್ನು ಬದಲಾಯಿಸಲಿಲ್ಲ. ಹಿಂಬದಿಗೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಮಾತ್ರ ಒತ್ತಿಸಿದ. ಸಂತೆಗೆ ಬಂದ ಅಡಿಕೆ ವ್ಯಾಪಾರಿಗೆ ಪರಿಚಯವಿದ್ದ ಮುಖ ಶಿವ ಪಾರ್ವತಿಯರದು. ಹೊಸ ಒಡೆಯ ಆ ಪರಿಚಯದ ನಂಬಿಕೆಯನ್ನು ಉಳಿಸಿಕೊಂಡು ತನ್ನ ಅಕ್ಷರವನ್ನು ಅದರ ಬೆನ್ನಿಗೆ ಕಟ್ಟಿದ. ದಕ್ಷಿಣದ ರಾಜಚಿಹ್ನೆಗಳ ಪೈಕಿ ನನಗೆ ಬಹಳ ಪ್ರಿಯವಾದದ್ದು ಆ ಒಂದಕ್ಷರ. ಅದರಲ್ಲಿ ಲೆಕ್ಕಾಚಾರವಿದೆ, ಗೌರವವೂ ಇದೆ.

ಇನ್ನು ಬೇಡಿಕೆಯ ಚಿತ್ರಗಳಿಗೆ ಬರೋಣ. ಮೊಗಲ್ ದೊರೆ ಜಹಾಂಗೀರನ ಆಸ್ಥಾನದ ಅಬುಲ್ ಹಸನ್ ಸುಮಾರು 1616ರಲ್ಲಿ ಬರೆದ ಒಂದು ಚಿತ್ರ ಈಗ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಜಹಾಂಗೀರ್ ಭೂಗೋಳದ ಮೇಲೆ ನಿಂತಿದ್ದಾನೆ. ಭೂಗೋಳ ಗೂಳಿಯ ಮೇಲೆ, ಗೂಳಿ ಮೀನಿನ ಮೇಲೆ. ಎದುರಿಗೆ ನೆಟ್ಟ ಭರ್ಜಿಯ ತುದಿಯಲ್ಲಿ ಕಡಿದ ತಲೆಯೊಂದಿದೆ, ಅದರ ಮೇಲೊಂದು ಗೂಬೆ. ದೊರೆ ಬಿಲ್ಲನ್ನು ಕಿವಿಯವರೆಗೆ ಎಳೆದು ಆ ತಲೆಗೆ ಬಾಣ ಬಿಡುತ್ತಿದ್ದಾನೆ. ತಲೆ ಅಹಮದ್‌ನಗರದ ಮಲಿಕ್ ಅಂಬರನದು. ಅಬಿಸೀನಿಯಾದಿಂದ ಗುಲಾಮನಾಗಿ ಬಂದು ದಖನ್ನಿನ ದೊಡ್ಡ ಸೇನಾನಿಯಾದವನು ಅವನು.

ಈ ಚಿತ್ರ ನೋಡಿದವರು ಮಲಿಕ್ ಅಂಬರ್ ಸತ್ತನೆಂದೇ ತಿಳಿಯಬೇಕು. ನಡೆದದ್ದೇನು? ಜಹಾಂಗೀರ್ ಅವನನ್ನು ಎಂದೂ ಹಿಡಿಯಲಿಲ್ಲ. ಚಿತ್ರ ಬರೆದ ಎಷ್ಟೋ ವರ್ಷಗಳ ಮೇಲೆ, 1624ರ ಭಾತವಡಿ ಕಾಳಗದಲ್ಲಿ, ಮೊಗಲರ ಮತ್ತು ಬಿಜಾಪುರದ ಕೂಡುಸೇನೆಯನ್ನು ಅಂಬರ್ ಸೋಲಿಸಿದ. 1626ರಲ್ಲಿ ಮುದುಕನಾಗಿ ತೀರಿಕೊಂಡ. ಹಿಂದುಸ್ತಾನದ ಬಾದಶಹನಿಗೆ ರಣರಂಗದಲ್ಲಿ ದಕ್ಕದ ತಲೆಯನ್ನು ಚಿತ್ರಕಾರ ಕಾಗದದ ಮೇಲೆ ತಂದುಕೊಟ್ಟ. ಭೂಗೋಳ, ಪ್ರಭಾವಳಿ, ಗೂಳಿ, ಮೀನು, ಗೂಬೆ ಎಲ್ಲವೂ ಒಂದೇ ಕಡೆ ಸೇರಿಕೊಂಡದ್ದು ಆ ಕೊರತೆಯನ್ನು ತುಂಬುವುದಕ್ಕೆ.

ಎರಡನೆಯದು ಬಿಜಾಪುರದ್ದು. ಬಿಜಾಪುರವೆಂದರೆ ನಮಗೆ ದೂರದ ಸಂಗತಿಯಲ್ಲ. ಸಂತೇಬೆನ್ನೂರಿನ ಪುಷ್ಕರಣಿಯನ್ನು ನೀವೆಲ್ಲ ನೋಡಿದ್ದೀರಿ. ಪಾಳೆಯಗಾರ ಹನುಮಪ್ಪ ನಾಯಕನ ಕಾಲದ ಆ ಕೊಳದ ಎದುರಿಗಿರುವ ಮುಸಾಫಿರಖಾನೆ ಆದಿಲಶಾಹಿ ಸೇನಾನಿ ರಣದುಲ್ಲಾ ಖಾನನ ಹೆಸರಿನದು. 1637–38ರ ದಂಡಯಾತ್ರೆಯಲ್ಲಿ ಅವನು ಇಕ್ಕೇರಿಯಿಂದ ಬೆಂಗಳೂರಿನವರೆಗೆ ನುಗ್ಗಿದಾಗ ಬಿಜಾಪುರದ ಬಾವುಟ ಈ ಸೀಮೆಯಲ್ಲೂ ಹಾರಿತು.

ಅದಾಗಿ ನಲವತ್ತು ವರ್ಷ ಕಳೆಯುವಷ್ಟರಲ್ಲಿ ಬಿಜಾಪುರ ಕುಸಿಯುತ್ತಿತ್ತು. ಸಿಕಂದರ್ ಆದಿಲ್ ಶಾ 1672ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಮಗು. ಸರದಾರರು ಒಳಗೊಳಗೇ ಬಡಿದಾಡುತ್ತಿದ್ದರು, ಒಂದು ಕಡೆ ಮರಾಠರು, ಇನ್ನೊಂದು ಕಡೆ ಔರಂಗಜೇಬ್. ಆ ಹೊತ್ತಿನಲ್ಲಿ, ಸುಮಾರು 1680ರಲ್ಲಿ, ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಇಬ್ಬರು ಚಿತ್ರಕಾರರು ಕೂಡಿ ಒಂದು ದೊಡ್ಡ ಚಿತ್ರ ಬರೆದರು. ಬಿಜಾಪುರದ ಮನೆತನ ಎಂದು ಹೆಸರಾದ ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಮೊಬೈಲಿನಲ್ಲೂ ನೋಡಬಹುದು, ನಿಧಾನವಾಗಿ ನೋಡಿ.

ನಡುವೆ ವಂಶದ ಮೂಲಪುರುಷ ಯೂಸುಫ್. ಪರ್ಷಿಯಾದ ಸಫವಿ ದೊರೆ ಷಾ ಇಸ್ಮಾಯಿಲ್ ಅವನ ಕೈಗೊಂದು ಕೀಲಿಕೈ ಕೊಡುತ್ತಿದ್ದಾನೆ. ಆಳುವ ಹಕ್ಕು ಆ ಕೀಲಿಕೈ. ಎರಡೂ ಬದಿಗೆ ಮುಂದಿನ ಸುಲ್ತಾನರು ಸಾಲಾಗಿ ಕೂತಿದ್ದಾರೆ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಒಂದೇ ಜಮಖಾನೆಯ ಮೇಲೆ. ಒಬ್ಬ ಸತ್ತ ಮೇಲೆ ಇನ್ನೊಬ್ಬ ಆಳಿದ ಸುಮಾರು ಇನ್ನೂರು ವರ್ಷಗಳು ಒಂದು ಮಧ್ಯಾಹ್ನದ ಸಭೆಯಾಗಿವೆ. ಎಲ್ಲರಿಗಿಂತ ಚಿಕ್ಕವನಾಗಿ ಹುಡುಗ ಸಿಕಂದರ್. ಹಿನ್ನೆಲೆಯಲ್ಲಿ ಸಮುದ್ರ ಕಾಣುತ್ತದೆ. ಅರಬ್ಬೀ ಕಡಲಿನ ದಡದವರೆಗೆ ರಾಜ್ಯವಿದ್ದ ದಿನಗಳ ಸಮುದ್ರ ಅದು. ಅಲ್ಲಿಯ ಗೋವಾ ಬಿಜಾಪುರದ ಕೈಬಿಟ್ಟು 1510ಕ್ಕೇ ಪೋರ್ಚುಗೀಸರ ಪಾಲಾಗಿತ್ತು.

ಕೋಟೆ ಕಾಯಲು ಸೈನ್ಯವಿಲ್ಲದ ಮನೆಗೆ ಪೂರ್ವಜರನ್ನೆಲ್ಲ ಕರೆಸಿ ಕೂರಿಸಿದ ಚಿತ್ರವಿದು. ಈ ಹುಡುಗನನ್ನು ಒಂಟಿಯೆಂದು ತಿಳಿಯಬೇಡಿ, ಇವನ ಹಿಂದೆ ಇಷ್ಟು ಜನರಿದ್ದಾರೆ ಎಂದು ಅದು ಹೇಳುತ್ತಿದೆ. ಔರಂಗಜೇಬ್ ಕೇಳಲಿಲ್ಲ. 1686ರಲ್ಲಿ ಬಿಜಾಪುರ ಬಿತ್ತು. ಇದೇ ಮನೆಯ ಎರಡನೆಯ ಇಬ್ರಾಹಿಂ ಆದಿಲ್ ಶಾ ಹೀಗೆ ಯಾರನ್ನೂ ಕರೆಸಿಕೊಂಡವನಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅವನ ಚಿತ್ರದಲ್ಲಿ ಕೊರಳಿಗೆ ರುದ್ರಾಕ್ಷಿ, ಕೈಯಲ್ಲಿ ತಾಳ. ಗಟ್ಟಿಯಾಗಿ ಕೂತ ಅರಸನೊಬ್ಬ ತನ್ನ ಸಂಗೀತದ ಹುಚ್ಚನ್ನೇ ರಾಜಚಿಹ್ನೆಯಾಗಿ ತೊಟ್ಟುಕೊಂಡ. ಮೊಮ್ಮಕ್ಕಳ ಕಾಲಕ್ಕೆ ಆ ನಿರಾಳ ಉಳಿಯಲಿಲ್ಲ.

ಹಾಗಾದರೆ ನಿಜವಾಗಿ ಗೆದ್ದವರು ಚಿತ್ರ ಬರೆಸಲಿಲ್ಲವೇ ಎಂದು ನೀವು ಕೇಳಬಹುದು. ಬರೆಸಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರ ಕಟ್ಟಡ. ಅದರ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಕಾಳಗವಿದೆ. ಕೆಂಪಂಗಿಯ ಕಂಪನಿ ಸೈನಿಕರು ಚೌಕಾಕಾರದಲ್ಲಿ ಒತ್ತೊತ್ತಾಗಿ ಸಿಕ್ಕಿಬಿದ್ದಿದ್ದಾರೆ, ಮದ್ದಿನ ಬಂಡಿ ಸಿಡಿಯುತ್ತಿದೆ, ನಡುವೆ ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೈಲಿ ಕಂಗಾಲಾಗಿ ಬೆರಳು ಕಚ್ಚುತ್ತಿದ್ದಾನೆ. ಇಷ್ಟೆಲ್ಲದರ ಎದುರಿಗೆ ಟಿಪ್ಪು ಸುಲ್ತಾನ್ ಹೂವೊಂದನ್ನು ಮೂಸುತ್ತಿದ್ದಾನೆ. ಕತ್ತಿ ಎತ್ತಿದ ವೀರನ ಚಿತ್ರವನ್ನು ಯಾರಾದರೂ ಬರೆಯುತ್ತಾರೆ. ಕಾಳಗದ ನಡುವೆ ಹೂವಿಗೆ ಪುರುಸೊತ್ತಿರುವವನ ಚಿತ್ರ ಬರೆದವನು ಅಧಿಕಾರವನ್ನು ಬಲ್ಲವನು. ಆ ಗೋಡೆಯ ಮುಂದೆ ನಿಂತಾಗಲೆಲ್ಲ ಹೆಸರು ತಿಳಿಯದ ಆ ಚಿತ್ರಗಾರರಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಟಿಪ್ಪು ತನ್ನ ಮುಖಕ್ಕಿಂತ ಹುಲಿಯನ್ನು ಹೆಚ್ಚು ನಂಬಿದವನು. ಸೈನಿಕರ ಅಂಗಿಯಲ್ಲಿ ಹುಲಿಯ ಪಟ್ಟೆ, ಕತ್ತಿಯ ಹಿಡಿಯಲ್ಲಿ, ಫಿರಂಗಿಯ ಬಾಯಲ್ಲಿ, ಸಿಂಹಾಸನದಲ್ಲಿ ಹುಲಿ. 1799ರ ಮೇ 4ರಂದು ಅವನು ಬಿದ್ದ ಮೇಲೆ ಗೆದ್ದವರು ಮಾಡಿದ್ದೇನು ನೋಡಿ. ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಹುಲಿಯ ತಲೆಗಳು, ರತ್ನದ ಹುಮಾ ಪಕ್ಷಿ ಇಂಗ್ಲೆಂಡಿಗೆ ಹೋದವು. ಆ ಗೆಲುವಿಗಾಗಿ ಕೊಟ್ಟ ಪದಕದ ಮೇಲೆ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿ ಮೇಲೇರಿರುವ ಚಿತ್ರ. ಪೊಳ್ಳಿಲೂರಿನಲ್ಲಿ ಸೆರೆಸಿಕ್ಕಿ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಮೂರೂವರೆ ವರ್ಷ ಕಳೆದಿದ್ದ ಡೇವಿಡ್ ಬೇರ್ಡ್, 1799ರ ಮುತ್ತಿಗೆಯಲ್ಲಿ ದಾಳಿಯ ಮುಂದಾಳಾಗಿದ್ದ. ಅವನ ವಿಧವೆ ಡೇವಿಡ್ ವಿಲ್ಕಿ ಎಂಬ ಚಿತ್ರಕಾರನಿಂದ ಒಂದು ಭಾರಿ ಚಿತ್ರ ಬರೆಸಿದಳು. 1839ರಲ್ಲಿ ಅದು ಮುಗಿಯಿತು. ಲಾಂದ್ರದ ಬೆಳಕಿನಲ್ಲಿ ಬೇರ್ಡ್ ಎತ್ತರಕ್ಕೆ ನಿಂತಿದ್ದಾನೆ, ಟಿಪ್ಪುವಿನ ದೇಹ ಕೆಳಗೆ. ಬೇರ್ಡನ ಕಾಲ ಬಳಿಯಲ್ಲೇ ಸೆರೆಮನೆಯ ಕಿಂಡಿಯ ಸರಳುಗಳು. ದರಿಯಾ ದೌಲತ್ತಿನ ಗೋಡೆಗೆ ಐವತ್ತೈದು ವರ್ಷದ ಮೇಲೆ ಬಂದ ಉತ್ತರ ಆ ಸರಳುಗಳು.

ಈಗ ಮುಮ್ಮಡಿಯವರ ಬಳಿಗೆ ಬರೋಣ. ನನ್ನ ಮಾತಿನ ತಿರುಳು ಅಲ್ಲಿದೆ.

ಅವರ ಬಾಲ್ಯದ ಒಂದು ಚಿತ್ರವನ್ನು ದಾಟಿಯೇ ಮುಂದೆ ಹೋಗಬೇಕು. ಸುಮಾರು 1805ರಲ್ಲಿ ಥಾಮಸ್ ಹಿಕಿ ಬರೆದ ಮೂವರು ಅರಮನೆಯ ಹೆಂಗಸರ ತೈಲಚಿತ್ರ ಅದು. ಅವರಲ್ಲಿ ಇಬ್ಬರು ಮುಮ್ಮಡಿಯವರ ಕಿರಿವಯಸ್ಸಿನ ರಾಣಿಯರೆಂದೂ, ಒಬ್ಬಳು ಸೀರೆ ಸರಿಸಿ ತೋಳನ್ನು ತೋರುತ್ತಿರುವುದು ಸಿಡುಬಿನ ಹೊಸ ಲಸಿಕೆಯನ್ನು ಜನ ಒಪ್ಪಲೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಆ ವಾದ ನಿಂತರೆ, ರಾಜಮನೆತನದ ಚಿತ್ರ ಆರೋಗ್ಯದ ಪ್ರಚಾರಕ್ಕೆ ಬಂದ ಮೊದಮೊದಲ ನಿದರ್ಶನ ನಮ್ಮದೇ.

1831ರ ನಂತರ ಮುಮ್ಮಡಿಯವರ ಮುಂದಿದ್ದ ದಾರಿಗಳು ಕಡಿಮೆ. ಸೈನ್ಯವಿಲ್ಲ, ಖಜಾನೆಯಿಲ್ಲ. ಕಾಗದ ಬರೆದರು, ಮನವಿಯ ಮೇಲೆ ಮನವಿ ಕಳಿಸಿದರು. ಅದರ ಜೊತೆಗೇ ದೇವಸ್ಥಾನಗಳಿಗೆ ನಡೆದರು. ಚಾಮುಂಡಿ ಬೆಟ್ಟದ ದೇವಸ್ಥಾನದ ಒಳಗೆ ಆಳೆತ್ತರದ ಅವರ ಕಲ್ಲಿನ ವಿಗ್ರಹವಿದೆ. ಪಕ್ಕದಲ್ಲಿ ಮೂವರು ರಾಣಿಯರು: ರಮಾವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ. ಪೀಠದಲ್ಲಿ ಹೆಸರು ಕೆತ್ತಿದೆ. ದೊರೆ ದರ್ಬಾರಿನ ಉಡುಪಿನಲ್ಲಿದ್ದಾರೆ, ಕೈ ಮುಗಿದಿವೆ. ನಂಜನಗೂಡಿನಲ್ಲೂ ಇಂಥ ಭಕ್ತವಿಗ್ರಹಗಳಿವೆ. ಹರಕೆಗೆ ಬಂದ ರೈತ ಅಮ್ಮನವರನ್ನು ನೋಡಲು ಹೋದಾಗ ಅಲ್ಲೇ ಅರಸರನ್ನೂ ನೋಡುತ್ತಾನೆ. ಕಮಿಷನರ್ ಮಾರ್ಕ್ ಕಬ್ಬನ್ ಸಾಹೇಬರು ಬೆಂಗಳೂರಿನಲ್ಲಿ ಕೂತು ಕಡತಗಳ ಮೇಲೆ ಸಹಿ ಹಾಕುತ್ತಿದ್ದ ವರ್ಷಗಳಲ್ಲಿ ಅರಸರು ಚಾಮುಂಡಿಯ ಎದುರಿನಿಂದ ಕದಲಲಿಲ್ಲ. ಕಂಪನಿ ಕೊಟ್ಟ ಅಧಿಕಾರವನ್ನು ಕಂಪನಿ ಕಿತ್ತುಕೊಳ್ಳಬಹುದು, ದೇವಿಯ ಮುಂದಿನ ಆ ಜಾಗವನ್ನು ಯಾವ ಗವರ್ನರ್ ಜನರಲ್ ಕಿತ್ತುಕೊಳ್ಳಬಲ್ಲ?

ಜಗನ್ಮೋಹನ ಅರಮನೆ 1861ರದು. ಅದರ ರಂಗಮಹಲಿನ ಗೋಡೆಗಳಲ್ಲಿ ದಸರಾ ಮೆರವಣಿಗೆಯಿದೆ, ಬೇಟೆಯಿದೆ, ಅರಸರೇ ರಚಿಸಿದ ಆಟದ ಮನೆಗಳಿವೆ. ಅಲ್ಲಿನ ಸಂತಾನಾಂಬುಜ ಎಂಬ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅರಳಿದ ಕಮಲದ ನಡುವೆ ಮುಮ್ಮಡಿಯವರು. ಸುತ್ತಿನ ದಳಗಳಲ್ಲಿ ಅವರ ಪರಿವಾರ, ಸಂತಾನ. ಕಮಲದಲ್ಲಿ ಲಕ್ಷ್ಮಿಯೋ ಬ್ರಹ್ಮನೋ ಕೂರುವುದು ನಮ್ಮ ಕಣ್ಣಿಗೆ ರೂಢಿ. ಇಲ್ಲಿ ಅರಸನಿದ್ದಾನೆ, ಅವನಿಂದ ಮನೆತನ ದಳದಳವಾಗಿ ಬಿರಿಯುತ್ತಿದೆ. ಮೈಸೂರು ಶೈಲಿಯ ಚಿತ್ರಗಾರರು ಹಲಗೆಯ ಮೇಲೆ ಬರೆಯುವಾಗ ಸಫೇದ ಮತ್ತು ಗೋಂದನ್ನು ಅರೆದು ತೆಳ್ಳಗೆ ಉಬ್ಬು ಎಬ್ಬಿಸುತ್ತಿದ್ದರು. ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು. ತಂಜಾವೂರಿನವರ ಹಾಗೆ ಉಬ್ಬು ದಪ್ಪವಿಲ್ಲ, ಒಡವೆಯ ಎಳೆ ಎಣಿಸುವಷ್ಟು ಸೂಕ್ಷ್ಮ. ಆ ಕೈಗಳೇ ಅರಸರ ಪೇಟದ ತುರಾಯಿಯನ್ನೂ ಮುತ್ತಿನ ಸರವನ್ನೂ ಬರೆದವು. ದೇವರ ಒಡವೆ ಬರೆದ ಕೈ ಅರಸನ ಒಡವೆ ಬರೆದಾಗ ಇಬ್ಬರ ನಡುವೆ ದೂರ ತಾನಾಗಿ ಕಡಿಮೆಯಾಯಿತು.

ಈ ಕಮಲ ಅರಳಿದ ಕಾಲದಲ್ಲಿ ಅರಮನೆಯ ಚಿಂತೆ ಏನಿತ್ತು? ಮುಮ್ಮಡಿಯವರಿಗೆ ಪಟ್ಟಕ್ಕೆ ಬರುವ ಗಂಡುಮಗನಿರಲಿಲ್ಲ. ಗಂಡುಸಂತಾನವಿಲ್ಲದ ಸಂಸ್ಥಾನಗಳನ್ನು ಗವರ್ನರ್ ಜನರಲ್ ಡಾಲ್ಹೌಸಿ ನುಂಗಿದ್ದ. ಸತಾರಾ, ಝಾನ್ಸಿ, ನಾಗಪುರ ಹೋಗಿದ್ದವು. ಮೈಸೂರಿನ ಗಾದಿ ಮುಂದುವರಿಯುವುದೇ ಇಲ್ಲವೇ ಎಂಬುದು ಬರಿಯ ಮನೆಮಾತಾಗಿರಲಿಲ್ಲ. ಅರಸರು 1865ರಲ್ಲಿ ಪುಟ್ಟ ಬಾಲಕ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಬ್ರಿಟಿಷ್ ಸರ್ಕಾರ ಅದನ್ನು ಒಪ್ಪಿದ್ದು 1867ರಲ್ಲಿ. ಮರುವರ್ಷ ಅವರು ತೀರಿಕೊಂಡರು. 1881ರಲ್ಲಿ ರಾಜ್ಯ ಚಾಮರಾಜೇಂದ್ರರ ಕೈಗೆ ಮರಳಿತು.

ಸಂತಾನವೇ ಸಮಸ್ಯೆಯಾದ ಮನೆಯಲ್ಲಿ ಸಂತಾನದ ಕಮಲ. ಇದನ್ನು ಒಣ ಜಂಬವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಸಿಕಂದರನ ಚಿತ್ರ ಕೇಳಿದ್ದು ಸಿಗಲಿಲ್ಲ, ಮುಮ್ಮಡಿಯವರ ಚಿತ್ರ ಕೇಳಿದ್ದು ಸಿಕ್ಕಿತು. ಚಿತ್ರ ಬರೆಸಿದ್ದಕ್ಕೇ ರಾಜ್ಯ ಮರಳಿತೆಂದು ನಾನು ಹೇಳಲಾರೆ. 1857ರ ನಂತರ ಬ್ರಿಟಿಷರ ನೀತಿ ಬದಲಾಗಿತ್ತು, ಇಂಗ್ಲೆಂಡಿನಲ್ಲೂ ಮೈಸೂರಿನ ಪರವಾಗಿ ಮಾತನಾಡಿದವರಿದ್ದರು. ಆದರೆ ಐವತ್ತು ವರ್ಷ ಕಮಿಷನರರು ಆಳಿದ ರಾಜ್ಯದಲ್ಲಿ ಅರಸನಿಲ್ಲದೆಯೂ ನಡೆಯುತ್ತದೆ ಎಂಬ ಭಾವನೆ ಬೇರುಬಿಡುವುದು ಸುಲಭವಿತ್ತು. ಹಾಗಾಗಲು ಬಿಡದ ಸಂಗತಿಗಳಲ್ಲಿ ಬೆಟ್ಟದ ಮೇಲಿನ ಕಲ್ಲು, ಜಗನ್ಮೋಹನದ ಗೋಡೆ, ತಪ್ಪದೆ ನಡೆದ ದಸರಾ ದರ್ಬಾರು ಸೇರಿವೆ. ಆ ಅರ್ಥದಲ್ಲಿ ಅವು ರಾಜಕೀಯದ ಕೆಲಸ ಮಾಡಿದವು. ಯಾವ ಬಂಡಾಯದಿಂದ ಅರಸರು ಅಧಿಕಾರ ಕಳೆದುಕೊಂಡರೋ ಆ ಬಂಡಾಯ ನಡೆದ ನೆಲದಲ್ಲಿ ನಿಂತು ಇದನ್ನು ಹೇಳುವಾಗ ನನ್ನ ಮನಸ್ಸು ಇಬ್ಬಗೆಯಾಗುತ್ತದೆ. ಇಲ್ಲಿನ ರೈತರ ಸಂಕಟ ಆ ಗೋಡೆಗಳಲ್ಲಿ ಎಲ್ಲೂ ಇಲ್ಲ. ಆನೆ, ಕುದುರೆ, ಬೇಟೆಯ ಹುಲಿ ಎಲ್ಲಕ್ಕೂ ಜಾಗ ಸಿಕ್ಕಿದೆ.

ಮುಂದಿನವರದು ಬೇರೆ ಬಗೆ. ರವಿವರ್ಮ 1885ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರರ ತೈಲಚಿತ್ರ ಬರೆದ ಮೇಲೆ ಅರಸನ ಮೈಗೆ ನೆರಳು ಬೆಳಕು ಬಂತು. ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಫೋಟೋ ಮನೆಮನೆಗೆ ಹೋಯಿತು. ಸ್ಟಾರ್ ಆಫ್ ಇಂಡಿಯಾ ಪದವಿಯ ನಿಲುವಂಗಿ ತೊಟ್ಟ ಅವರ ಚಿತ್ರವನ್ನು ಗಮನಿಸಿ. 1907ರಲ್ಲಿ ಬಂದ ಪದವಿ ಅದು. ಎದೆಯ ಮೇಲೆ ಹೊಳೆಯುವ ನಕ್ಷತ್ರ ಕೊಟ್ಟವರು ಲಂಡನ್ನಿನವರು. ತಲೆಯ ಮೇಲಿನ ಪೇಟ ಮಾತ್ರ ಮೈಸೂರಿನದು. ಒಂದೇ ಮೈಯಲ್ಲಿ ಅರಸನೂ ಇದ್ದಾನೆ, ಚಕ್ರವರ್ತಿಯ ಅಧೀನನೂ ಇದ್ದಾನೆ. ಆದರೂ ಆ ಫೋಟೋವನ್ನು ನಮ್ಮ ಹಿರಿಯರು ಗೋಡೆಗೆ ಹಾಕಿದ್ದು ನಕ್ಷತ್ರ ನೋಡಿ ಅಲ್ಲ, ಕಾಲುವೆ, ಶಾಲೆ, ವಿದ್ಯುತ್ತು ನೋಡಿ. ಚಿಹ್ನೆ ಒಂದು ಹೇಳಿತು, ಜನ ಇನ್ನೊಂದನ್ನು ಓದಿಕೊಂಡರು. ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ಕೆ. ಕೇಶವಯ್ಯ ಮತ್ತು ಸಂಗಡಿಗರು ಬರೆದ ದಸರಾ ಮೆರವಣಿಗೆಯ ಚಿತ್ರಗಳು ಇವೆಲ್ಲಕ್ಕಿಂತ ಉದಾರವಾದವು. ಫೋಟೋ ನೋಡಿಕೊಂಡು ಬರೆದ ಅವುಗಳಲ್ಲಿ ಆನೆಯ ಮೇಲಿನ ಅರಸನಷ್ಟೇ ಶ್ರದ್ಧೆಯಿಂದ ಬೀದಿಯ ಜನರೂ ಮೂಡಿದ್ದಾರೆ.

ಬೇಡಿಕೆಯ ಚಿತ್ರಗಳನ್ನೇ ಇಷ್ಟು ಹೊತ್ತು ನೋಡಿದೆವು. ಬೇಡಲು ಏನೂ ಇಲ್ಲದ ಅರಸ ತನ್ನನ್ನು ಹೇಗೆ ಮಾಡಿಸಿಕೊಂಡಾನು? ತಿರುಮಲೆಯ ದೇವಸ್ಥಾನದ ಹೊಸಿಲು ದಾಟಿದೊಡನೆ ಬಲಗಡೆಯ ಮಂ‌ಟಪದಲ್ಲಿ ಕೃಷ್ಣದೇವರಾಯ ನಿಂತಿದ್ದಾನೆ. ಎರಡೂ ಕಡೆ ತಿರುಮಲದೇವಿ, ಚಿನ್ನಾದೇವಿ. ಆಳೆತ್ತರದ ಲೋಹದ ಪ್ರತಿಮೆಗಳು, ಭುಜದ ಮೇಲೆ ಹೆಸರು. ರಾಯಚೂರು, ಉದಯಗಿರಿ, ಕೊಂಡವೀಡು ಗೆದ್ದವನ ಕೈಯಲ್ಲಿ ಕತ್ತಿಯಿಲ್ಲ, ತಲೆಯ ಮೇಲೆ ಕೊಡೆಯಿಲ್ಲ. ಕೈ ಮುಗಿದಿದ್ದಾನೆ. ರಾಜತನ ಉಳಿದಿರುವುದು ತಲೆಯ ಮೇಲಿನ ಎತ್ತರದ ಕುಲ್ಲಾಯಿಯಲ್ಲಿ. ಆ ಟೋಪಿ ಪರ್ಷಿಯಾದ ಕಡೆಯಿಂದ ಸುಲ್ತಾನರ ಆಸ್ಥಾನಗಳ ಮೂಲಕ ವಿಜಯನಗರಕ್ಕೆ ಬಂದದ್ದು. ವೆಂಕಟೇಶ್ವರನ ಮುಂದೆ ಅದನ್ನು ಧರಿಸಿ ನಿಲ್ಲಲು ರಾಯನಿಗೆ ಯಾವ ಸಂಕೋಚವೂ ಇರಲಿಲ್ಲ. ಒಂದು ಕಡೆ ಆದಿಲ ಶಾಹನ ಕೊರಳಲ್ಲಿ ರುದ್ರಾಕ್ಷಿ, ಇನ್ನೊಂದು ಕಡೆ ರಾಯನ ತಲೆಯ ಮೇಲೆ ಕುಲ್ಲಾಯಿ. ದೇವಸ್ಥಾನದ ಗಂಟೆಯೂ ಮಸೀದಿಯ ಆಜಾನೂ ಕೇಳುವ ಈ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಯದಾಗಿ ಇಕ್ಕೇರಿ. ಚನ್ನಗಿರಿಗೆ ಹೆಸರು ಕೊಟ್ಟ ಚೆನ್ನಮ್ಮಾಜಿಯ ಕೆಳದಿ ಮನೆತನದ ಹಳೆಯ ರಾಜಧಾನಿ ಅದು. ಅಘೋರೇಶ್ವರ ದೇವಾಲಯದಲ್ಲಿ ಗರ್ಭಗುಡಿಯ ಮುಂದಿನ ನೆಲಗಲ್ಲಿನ ಮೇಲೆ ಕೆಳದಿಯ ಮೂವರು ನಾಯಕರ ರೂಪಗಳನ್ನು ಕೊರೆದಿದ್ದಾರೆ. ಮೂವರೂ ದೇವರಿಗೆ ನಮಸ್ಕರಿಸುತ್ತಿದ್ದಾರೆ, ಹೆಸರು ಬರೆದಿದೆ. ಅವರಲ್ಲಿ ಒಬ್ಬನ ಕೈಕಾಲುಗಳಿಗೆ ಬೇಡಿ ಇದೆ. ಅವನನ್ನು ಹುಚ್ಚ ಸೋಮಶೇಖರನೆಂದು ರೈಸ್ ಗೆಜೆಟಿಯರ್ ಗುರುತಿಸುತ್ತದೆ. ಚೆನ್ನಮ್ಮಾಜಿಯ ಗಂಡ ಸೋಮಶೇಖರ ನಾಯಕನಿಗೆ ಬುದ್ಧಿಭ್ರಮಣೆಯಾಗಿತ್ತೆಂದೂ ಅವನ ನಂತರ 1671ರಿಂದ ಅವಳೇ ಆಳಿದಳೆಂದೂ ನೀವು ಬಲ್ಲಿರಿ. ಜಗತ್ತಿನ ರಾಜಚಿತ್ರಗಳಲ್ಲಿ ಇಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ 1701ರಲ್ಲಿ ರಿಗೋ ಎಂಬ ಚಿತ್ರಕಾರನಿಂದ ಬರೆಸಿಕೊಂಡಾಗ ಅರುವತ್ತಮೂರರ ಮುದುಕ. ಆದರೂ ಚಿತ್ರದಲ್ಲಿ ನೃತ್ಯಗಾರನ ಕಾಲುಗಳನ್ನು ಪಡೆದುಕೊಂಡ. ಇಕ್ಕೇರಿಯಲ್ಲಿ ಅರಸನ ಬೇಡಿಯನ್ನೂ ಮರೆಮಾಚಲಿಲ್ಲ. ಅದೂ ಗೋಡೆಯ ಮೇಲಲ್ಲ, ನೆಲದಲ್ಲಿ. ದರ್ಶನಕ್ಕೆ ಬಂದವರ ಪಾದ ತಾಕುವಲ್ಲಿ.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸಿ ಮುಗಿಸುತ್ತೇನೆ. ಸೂಳೆಕೆರೆಯ ಸುತ್ತಿನ ಊರುಗಳಲ್ಲಿ, ಬಸವಾಪಟ್ಟಣದಲ್ಲಿ, ಸಂತೇಬೆನ್ನೂರಿನಲ್ಲಿ, ಆ ಕಡೆ ನ್ಯಾಮತಿ, ಜಗಳೂರಿನವರೆಗೆ ನಿಮಗೆ ಕಾಣುವ ವೀರಗಲ್ಲು, ಮಾಸ್ತಿಗಲ್ಲು, ಕೋಟೆ ಬಾಗಿಲಿನ ಕೆತ್ತನೆಗಳ ಫೋಟೋ ತೆಗೆಯಿರಿ. ಬೆಳಗಿನ ಎಳೆಬಿಸಿಲು ಓರೆಯಾಗಿ ಬೀಳುವಾಗ ತೆಗೆದರೆ ಸವೆದ ಗೆರೆಯೂ ಎದ್ದು ಕಾಣುತ್ತದೆ. ಕಲ್ಲಿಗೆ ಸುಣ್ಣ ಬಳಿಯಬೇಡಿ, ಸೀಮೆಸುಣ್ಣದಿಂದ ಗೆರೆ ತಿದ್ದಬೇಡಿ. ಯಾರ ತಲೆಯ ಮೇಲೆ ಕೊಡೆಯಿದೆ, ಯಾರ ಕೈಯಲ್ಲಿ ಏನಿದೆ, ಯಾರು ದೊಡ್ಡದಾಗಿ ಯಾರು ಚಿಕ್ಕದಾಗಿ ಇದ್ದಾರೆ ಎಂದು ಊರಿನ ಹೆಸರು, ದಿನಾಂಕದ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಊರಿನ ಹಿರಿಯರು ಆ ಕಲ್ಲಿನ ಬಗ್ಗೆ ಹೇಳುವ ಕಥೆಯನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಿ. ರಸ್ತೆ ಅಗಲ ಮಾಡುವಾಗ, ಹೊಲ ಮಟ್ಟ ಮಾಡುವಾಗ ಜೆಸಿಬಿಯ ಬಾಯಿಗೆ ಸಿಗುವ ಮೊದಲು ಈ ಕೆಲಸ ಆಗಬೇಕು. ಮುಂದಿನ ವರ್ಷದ ದತ್ತಿ ಕಾರ್ಯಕ್ರಮದಲ್ಲಿ ಆ ನೋಟ್‌ಬುಕ್ಕನ್ನು ಓದುವುದಕ್ಕೆ ಅರ್ಧ ಗಂಟೆ ಮೀಸಲಿಡಬೇಕೆಂದು ವ್ಯವಸ್ಥಾಪಕರನ್ನು ಕೇಳಿಕೊಳ್ಳುತ್ತೇನೆ.